ಉಸಿರಿಗೆ ದಾರಿ ಮಾಡಿದ ಐವನ್ ಮ್ಯಾಗಿಲ್

ಮಕ್ಕಳೇ, ಜತ್ತ ತಾಲೂಕಿನ ಬೇಸಿಗೆ ನಿಮಗೆ ಗೊತ್ತೇ ಇದೆ. ಬಿಸಿಲಿನ ಝಳಕ್ಕೆ ಮೂಗು ಒಣಗುತ್ತದೆ. ಆಗ ಕೆಲವರಿಗೆ ಮೂಗಿನಿಂದ ರಕ್ತ ಬರುತ್ತದೆ. ಏಕೆ ಗೊತ್ತೇ? ಮೂಗಿನ ಒಳಪದರು ಬಲು ತೆಳು. ಅದರಲ್ಲಿ ಸಣ್ಣ ಸಣ್ಣ ರಕ್ತನಾಳಗಳ ಜಾಲವೇ ಇದೆ. ಪದರು ಒಣಗಿದರೂ, ತರಚಿದರೂ ಅವು ಒಡೆಯುತ್ತವೆ. ಇಂತಹ ನಾಜೂಕಾದ ಮೂಗಿನ ಮೂಲಕ ಶ್ವಾಸನಾಳದವರೆಗೆ ನಳಿಕೆ ಇಳಿಸುವುದು ಸುಲಭವೇ? ಆ ವಿದ್ಯೆಯನ್ನು ಬೆಳೆಸಿ, ವೈದ್ಯರಲ್ಲಿ ರೂಢಿಗೆ ತಂದವರು ಐವನ್ ಮ್ಯಾಗಿಲ್.

ಮ್ಯಾಗಿಲ್ ಅವರು 1888ರ ಜುಲೈ 23ರಂದು ಐರ್ಲೆಂಡಿನ ಲಾರ್ನ್ ಎಂಬ ಊರಿನಲ್ಲಿ ಜನಿಸಿದರು. ಬೆಲ್‌ಫಾಸ್ಟ್ ನಗರದಲ್ಲಿ ಓದಿ 1913ರಲ್ಲಿ ವೈದ್ಯರಾದರು. ಮರುವರ್ಷ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಅವರು ಸೈನ್ಯದ ವೈದ್ಯರಾಗಿ ಸೇವೆ ಸಲ್ಲಿಸಿದರು.

ಯುದ್ಧದಲ್ಲಿ ಸಾವಿರಾರು ಸೈನಿಕರ ಮುಖ ಛಿದ್ರವಾಗಿತ್ತು. ಕೆಲವರಿಗೆ ದವಡೆ ಇರಲಿಲ್ಲ, ಕೆಲವರಿಗೆ ಮೂಗು ಇರಲಿಲ್ಲ. ಅವರಿಗಾಗಿ ಲಂಡನ್ನಿನ ಹತ್ತಿರ ಸಿಡ್‌ಕಪ್ ಎಂಬಲ್ಲಿ ಒಂದು ಆಸ್ಪತ್ರೆ ಇತ್ತು. ಅಲ್ಲಿ ಹೆರಾಲ್ಡ್ ಗಿಲೀಸ್ ಎಂಬ ಶಸ್ತ್ರವೈದ್ಯರು ಸೈನಿಕರ ಮುಖಗಳನ್ನು ಮತ್ತೆ ರೂಪಿಸುತ್ತಿದ್ದರು. 1919ರಲ್ಲಿ ಮ್ಯಾಗಿಲ್ ಅಲ್ಲಿಗೆ ಬಂದರು. ರೋಗಿಗೆ ನೋವು ತಿಳಿಯದಂತೆ ಅರಿವಳಿಕೆ ಕೊಡುವುದು ಅವರ ಪಾಲಿನ ಕೆಲಸವಾಯಿತು.

ಆದರೆ ಒಂದು ದೊಡ್ಡ ತೊಡಕಿತ್ತು. ಆಗ ಮುಖಕ್ಕೆ ಮುಸುಕು ಇಟ್ಟು ಈಥರ್ ಎಂಬ ಔಷಧಿಯ ಆವಿಯನ್ನು ಕೊಡುವುದು ವಾಡಿಕೆ. ಮುಖಕ್ಕೇ ಶಸ್ತ್ರಕ್ರಿಯೆ ಆಗಬೇಕಾದಾಗ ಮುಸುಕು ಇಡುವುದೆಲ್ಲಿ? ಗಾಯದ ರಕ್ತ ಶ್ವಾಸಕೋಶಕ್ಕೆ ಇಳಿದರೆ ರೋಗಿಯ ಪ್ರಾಣಕ್ಕೇ ಅಪಾಯ.

ಮ್ಯಾಗಿಲ್ ಮತ್ತು ಅವರ ಜೊತೆಗಾರ ರೋಬೋಥಮ್ ಉಪಾಯ ಹುಡುಕಿದರು. ರಬ್ಬರಿನ ನಳಿಕೆಯನ್ನು ನೇರವಾಗಿ ಶ್ವಾಸನಾಳಕ್ಕೆ ಇಳಿಸಿ, ಅದರ ಮೂಲಕವೇ ಉಸಿರು ಮತ್ತು ಔಷಧಿಯನ್ನು ಕೊಡತೊಡಗಿದರು. ಬಾಯಿ, ದವಡೆಗಳ ಶಸ್ತ್ರಕ್ರಿಯೆ ಇದ್ದಾಗ ನಳಿಕೆಯನ್ನು ಮೂಗಿನಿಂದ ಇಳಿಸಿದರು. ಮ್ಯಾಗಿಲ್ ನಳಿಕೆಗಳನ್ನು ದುಂಡು ಡಬ್ಬಿಯಲ್ಲಿ ಸುರುಳಿ ಸುತ್ತಿ ಇಡುತ್ತಿದ್ದರು. ಅದರಿಂದ ನಳಿಕೆಗೆ ಬೇಕಾದ ಬಾಗು ಬರುತ್ತಿತ್ತು. ನಾವು ಹೂವನ್ನು ಮೂಸುವಾಗ ತಲೆ ಎತ್ತುವಂತೆ ರೋಗಿಯ ತಲೆಯನ್ನು ಇರಿಸಿ, ಉಸಿರಿನ ಸದ್ದನ್ನು ಆಲಿಸುತ್ತ, ಕಣ್ಣಿಗೆ ಕಾಣದ ದಾರಿಯಲ್ಲಿ ನಳಿಕೆಯನ್ನು ಸಾಗಿಸುತ್ತಿದ್ದರು. ಗಂಟಲಿನಲ್ಲಿ ನಳಿಕೆಯ ತುದಿಯನ್ನು ಹಿಡಿದು ದಾರಿಗೆ ತರಲು 1920ರಲ್ಲಿ ಒಂದು ಬಾಗಿದ ಇಕ್ಕಳವನ್ನೂ ಮಾಡಿದರು.

ಮೂಗಿನ ದಾರಿಯಲ್ಲಿ ರಕ್ತ ಬರುವ ಭಯ ಇದ್ದೇ ಇರುತ್ತದೆ. ಅದನ್ನು ತಗ್ಗಿಸಲು ವೈದ್ಯರು ಈಗ ಹಲವು ಎಚ್ಚರಿಕೆ ವಹಿಸುತ್ತಾರೆ. ಎರಡು ಹೊಳ್ಳೆಗಳಲ್ಲಿ ಹೆಚ್ಚು ತೆರೆದದ್ದನ್ನು ಆರಿಸುತ್ತಾರೆ. ರಕ್ತನಾಳಗಳು ಕುಗ್ಗುವಂತೆ ಮೂಗಿಗೆ ಔಷಧಿಯ ಹನಿ ಹಾಕುತ್ತಾರೆ. ನಳಿಕೆಯನ್ನು ಬೆಚ್ಚಗೆ ಮಾಡಿ ಮೆತ್ತಗಾಗಿಸುತ್ತಾರೆ. ಅದಕ್ಕೆ ಜಾರುವ ಲೇಪ ಸವರುತ್ತಾರೆ. ಆಮೇಲೆ ಮೂಗಿನ ತಳಭಾಗದ ಗುಂಟ ಮೆಲ್ಲಗೆ ಸರಿಸುತ್ತಾರೆ. ತಡೆ ಬಂದರೆ ಬಲವಂತ ಮಾಡುವುದಿಲ್ಲ.

1960ರಲ್ಲಿ ಬ್ರಿಟನ್ನಿನ ಗೌರವ ದೊರೆತು ಅವರು ಸರ್ ಐವನ್ ಮ್ಯಾಗಿಲ್ ಆದರು. 1986ರ ನವೆಂಬರ್ 25ರಂದು, 98ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಇಕ್ಕಳವನ್ನು ವೈದ್ಯರು ಇಂದಿಗೂ ಮ್ಯಾಗಿಲ್ ಇಕ್ಕಳವೆಂದೇ ಕರೆಯುತ್ತಾರೆ.

ಮಕ್ಕಳೇ, ಮ್ಯಾಗಿಲ್ ಸಿಡ್‌ಕಪ್‌ಗೆ ಬಂದಾಗ ಅವರಿಗೆ ಅರಿವಳಿಕೆಯ ಹೆಚ್ಚಿನ ಅನುಭವ ಇರಲಿಲ್ಲ. ಪಾಲಿಗೆ ಬಂದ ಕೆಲಸವನ್ನು ಅವರು ಮನಸ್ಸಿಟ್ಟು ಮಾಡಿದರು. ರೋಗಿಯ ಕಷ್ಟವನ್ನು ಕಂಡು ಅದಕ್ಕೆ ತಕ್ಕ ಉಪಕರಣವನ್ನು ತಾವೇ ಮಾಡಿಕೊಂಡರು. ಅದರಿಂದ ಅಸಂಖ್ಯ ಜನರ ಉಸಿರು ಉಳಿಯಿತು.

ಅಭ್ಯಾಸ

1. ಮೂಗಿನಿಂದ ರಕ್ತ ಬೇಗ ಬರಲು ಕಾರಣವೇನು?
2. ಮುಖದ ಶಸ್ತ್ರಕ್ರಿಯೆಯಲ್ಲಿ ಮುಸುಕು ಏಕೆ ಉಪಯೋಗಕ್ಕೆ ಬರಲಿಲ್ಲ?
3. ರಕ್ತ ಬರದಂತೆ ವೈದ್ಯರು ವಹಿಸುವ ಎಚ್ಚರಿಕೆಗಳನ್ನು ಬರೆಯಿರಿ.