ಜಿಂಕೆ ಹೆಚ್ಚಿದರೆ ಸಾಕೇ? ಒಬ್ಬ ಶಿಕಾರಿ ಬದುಕಿಡೀ ಹುಡುಕಿದ ಉತ್ತರ

ಅಮೆರಿಕದಲ್ಲಿರುವ ನನ್ನ ಕಾಲೇಜಿನ ಗೆಳೆಯನೊಬ್ಬ ಈಚೆಗೆ ಒಂದು ಫೋಟೋ ಕಳಿಸಿದ್ದ. ಅವನ ಮನೆ ಹತ್ತಿರದ ಜಮೀನಿನಲ್ಲಿ ಸೇಬು, ಮರಸೇಬು, ಪರ್ಸಿಮನ್ ಸಸಿಗಳನ್ನು ನೆಟ್ಟಿದ್ದಾರೆ. ಹಣ್ಣು ಮನೆಗಲ್ಲ, ಮಾರ್ಕೆಟ್ಟಿಗೂ ಅಲ್ಲ, ಜಿಂಕೆಗೆ! ಚಳಿಗಾಲಕ್ಕೆ ಮುಂಚೆ ಹಣ್ಣು ಉದುರುತ್ತೆ, ತಿನ್ನೋಕೆ ಜಿಂಕೆ ಬರುತ್ತೆ, ಅಷ್ಟೊತ್ತಿಗೆ ಬೇಟೆಯ ಸೀಸನ್ನೂ ಶುರುವಾಗಿರುತ್ತೆ. ಜಿಂಕೆ ತೋಟಕ್ಕೆ ಬಾರದಿರಲಿ ಅಂತ ಬೇಲಿ ಹಾಕುವವರ ನಡುವೆ ಬೆಳೆದ ನನಗೆ ಇದು ವಿಚಿತ್ರ ಅನ್ನಿಸಿತು. ಇನ್ನೂ ವಿಚಿತ್ರ ಅಂದರೆ, ಪ್ರತಿ ಸಸಿಯ ಸುತ್ತಲೂ ತಂತಿ ಬಲೆ ಇತ್ತು. ಬಲೆ ಇಲ್ಲದಿದ್ದರೆ ಜಿಂಕೆ ಚಿಗುರನ್ನೇ ಮೇಯುತ್ತೆ, ಗಂಡು ಜಿಂಕೆ ಕೊಂಬು ಉಜ್ಜಿ ತೊಗಟೆ ಸುಲಿಯುತ್ತೆ. ಅಂದರೆ ಜಿಂಕೆಗಾಗಿ ನೆಟ್ಟ ಮರವನ್ನು ಮೊದಲು ಜಿಂಕೆಯಿಂದಲೇ ಕಾಪಾಡಬೇಕು.

ಆ ತಂತಿ ಬಲೆ ನೋಡಿದಾಗ ನನಗೆ ನೆನಪಾಗಿದ್ದು ಆಲ್ಡೊ ಲಿಯೊಪೋಲ್ಡ್. ಬೇಟೆಯ ಪ್ರಾಣಿಗಳನ್ನು ಬೆಳೆಯಂತೆ ಬೆಳೆಸಬಹುದು ಅಂತ ಅಮೆರಿಕಕ್ಕೆ ಕಲಿಸಿದ ಮನುಷ್ಯ. ಆ ಲೆಕ್ಕ ಎಲ್ಲಿ ತಪ್ಪುತ್ತೆ ಅಂತ ಹೇಳೋಕೆ ಹೋಗಿ ಬೈಗುಳ ತಿಂದವನೂ ಅವನೇ.

ಲಿಯೊಪೋಲ್ಡ್ ಹುಟ್ಟಿದ್ದು 1887ರಲ್ಲಿ, ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ. ಅಪ್ಪನ ಜೊತೆ ಶಿಕಾರಿ ಮಾಡುತ್ತಲೇ ಕಾಡು ಕಲಿತ ಹುಡುಗ. ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ ಓದಿ, 1909ರಲ್ಲಿ ಅರಣ್ಯ ಇಲಾಖೆ ಸೇರಿ ಅರಿಜೋನಾಕ್ಕೆ ಹೋದ. ಅದೇ ವರ್ಷ ಅಲ್ಲಿನ ಬೆಟ್ಟದ ಮೇಲೆ ಒಂದು ಹೆಣ್ಣು ತೋಳವನ್ನು ಹೊಡೆದುರುಳಿಸಿದ. ಅದರಲ್ಲಿ ತಪ್ಪು ಕಾಣುವ ಕಾಲ ಅದಾಗಿರಲಿಲ್ಲ. ತೋಳ ಕಡಿಮೆಯಾದಷ್ಟೂ ಜಿಂಕೆ ಜಾಸ್ತಿ ಅನ್ನೋದು ಎಲ್ಲರೂ ಒಪ್ಪಿದ್ದ ಲೆಕ್ಕ. ಮುಂದೆ ನ್ಯೂ ಮೆಕ್ಸಿಕೋದಲ್ಲಿ ಬೇಟೆಗಾರರ ಸಂಘ ಕಟ್ಟಿ, ತೋಳ ಮತ್ತು ಬೆಟ್ಟದ ಸಿಂಹಗಳನ್ನು ಮುಗಿಸಬೇಕು ಅಂತ ಸ್ವತಃ ಪ್ರಚಾರಕ್ಕೆ ಇಳಿದಿದ್ದ. ಇದನ್ನು ಮುಚ್ಚಿಟ್ಟು ಆತನನ್ನು ಬರೀ ಪರಿಸರ ಸಂತ ಮಾಡಿದರೆ ಕತೆಯ ಅರ್ಥವೇ ಹೋಗುತ್ತೆ.

1924ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ವರ್ಗವಾಯಿತು. ನಾಲ್ಕು ವರ್ಷದ ನಂತರ ಸರ್ಕಾರಿ ಕೆಲಸ ಬಿಟ್ಟು, ಕೋವಿ ಮತ್ತು ಮದ್ದುಗುಂಡು ತಯಾರಕರ ಸಂಸ್ಥೆಯ ದುಡ್ಡಿನಲ್ಲಿ ರಾಜ್ಯ ರಾಜ್ಯ ಸುತ್ತಿ ಬೇಟೆಯ ಪ್ರಾಣಿಗಳ ಸಮೀಕ್ಷೆ ಮಾಡಿದ. 1933ರಲ್ಲಿ ‘ಗೇಮ್ ಮ್ಯಾನೇಜ್‌ಮೆಂಟ್’ ಪುಸ್ತಕ ಬಂತು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಆತನಿಗಾಗಿ ಆ ವಿಷಯದ ಪ್ರಾಧ್ಯಾಪಕ ಹುದ್ದೆಯನ್ನೇ ಹುಟ್ಟುಹಾಕಿತು. ಅಮೆರಿಕದಲ್ಲಿ ಅಂಥ ಹುದ್ದೆ ಅದೇ ಮೊದಲು.

ಎಂಜಿನಿಯರಿಂಗ್ ಓದಿದವನಾದ ನನಗೆ ಆ ಪುಸ್ತಕದ ವಾದ ತಟ್ಟನೆ ಅರ್ಥವಾಗುತ್ತೆ. ಪ್ರಾಣಿಗೆ ಬೇಕಾದ್ದು ಆಹಾರ, ಅಡಗಲು ಜಾಗ, ನೀರು. ಇವುಗಳಲ್ಲಿ ಯಾವುದು ಕಡಿಮೆಯಿದೆಯೋ ಅದೇ ಸಂಖ್ಯೆಯನ್ನು ಹಿಡಿದಿಡುತ್ತೆ. ಅದನ್ನು ಹುಡುಕಿ ಸರಿಪಡಿಸಿದರೆ ಪ್ರಾಣಿ ತಾನಾಗಿ ಹೆಚ್ಚುತ್ತೆ. ಕಾಡು ಮತ್ತು ಹೊಲ ಕೂಡುವ ಅಂಚಿನಲ್ಲಿ ಮೇವು, ಮರೆ ಎರಡೂ ಸಿಗೋದರಿಂದ ಅಲ್ಲೇ ಪ್ರಾಣಿ ಜಾಸ್ತಿ. ಇವತ್ತು ಬೇಟೆಗಾಗಿ ಜಮೀನು ಇಟ್ಟುಕೊಂಡವರು ಕಾಡಂಚಿನಲ್ಲಿ ಸೇಬಿನ ಗಿಡ ನೆಡುವುದರ ಹಿಂದೆ ಇರುವುದೂ ಇದೇ ಲೆಕ್ಕ.

ಆದರೆ ಯಾವ ಸೇತುವೆಗೂ ಇಷ್ಟೇ ಭಾರ ಅಂತ ಮಿತಿ ಇರುತ್ತೆ. ನೆಲಕ್ಕೂ ಇದೆ ಅನ್ನೋದು ಲಿಯೊಪೋಲ್ಡ್‌ಗೆ ಗೊತ್ತಾಗುತ್ತಾ ಬಂತು. ಅರಿಜೋನಾದ ಕೈಬಾಬ್ ಪ್ರಸ್ಥಭೂಮಿಯಲ್ಲಿ 1906ರಿಂದ ಜಿಂಕೆ ಬೇಟೆ ನಿಲ್ಲಿಸಿ, ಬೇಟೆಯಾಡುವ ಮೃಗಗಳನ್ನು ಕೊಲ್ಲುತ್ತಾ ಹೋಗಿದ್ದರು. ಜಿಂಕೆ ವಿಪರೀತ ಹೆಚ್ಚಿ, ಕೈಗೆಟುಕುವ ಹಸಿರೆಲ್ಲ ಮುಗಿದು, 1920ರ ದಶಕದ ನಡುವಿನ ಚಳಿಗಾಲಗಳಲ್ಲಿ ಹಸಿವಿನಿಂದ ಸತ್ತವು. ಎಷ್ಟು ಸತ್ತವು ಅನ್ನುವ ಬಗ್ಗೆ ವಿಜ್ಞಾನಿಗಳಲ್ಲಿ ಇವತ್ತಿಗೂ ಜಗಳವಿದೆ, ಕಾಡು ಹಾಳಾಗಿದ್ದರ ಬಗ್ಗೆ ಇಲ್ಲ. 1935ರಲ್ಲಿ ಲಿಯೊಪೋಲ್ಡ್ ಜರ್ಮನಿಗೆ ಹೋದಾಗ ಇದರ ಇನ್ನೊಂದು ರೂಪ ಕಂಡ. ಅಲ್ಲಿ ತೋಳವಿಲ್ಲ, ಜಿಂಕೆಗೆ ಮನುಷ್ಯರೇ ಮೇವು ಹಾಕುತ್ತಾರೆ. ಸಾಲಾಗಿ ನೆಟ್ಟ ಸ್ಪ್ರೂಸ್ ಮರಗಳ ಕೆಳಗೆ ನೆಲ ಬೋಳು, ಹೊಸ ಸಸಿ ಬದುಕಬೇಕಾದರೆ ಬೇಲಿ ಬೇಕು.

ಅದೇ ವರ್ಷ ಬಾರಾಬೂ ಹತ್ತಿರ, ವಿಸ್ಕಾನ್ಸಿನ್ ನದಿ ದಂಡೆಯಲ್ಲಿ ಪಾಳುಬಿದ್ದ ಮರಳು ಜಮೀನೊಂದನ್ನು ಕೊಂಡ. ಇದ್ದ ಕಟ್ಟಡ ಅಂದರೆ ಒಂದು ಕೋಳಿ ಗೂಡು. ಅದನ್ನೇ ರಿಪೇರಿ ಮಾಡಿ, ವಾರಾಂತ್ಯಗಳಲ್ಲಿ ಹೆಂಡತಿ ಎಸ್ಟೆಲ್ಲಾ ಮತ್ತು ಐವರು ಮಕ್ಕಳ ಜೊತೆ ಗಿಡ ನೆಡತೊಡಗಿದ. 1936ರ ಬರಗಾಲದಲ್ಲಿ ಮೊದಲ ಪೈನ್ ಸಸಿಗಳು ಬಹುಪಾಲು ಒಣಗಿಹೋದವು. ಮತ್ತೆ ನೆಟ್ಟರು, ವರ್ಷ ವರ್ಷವೂ ನೆಟ್ಟರು. ಸಾವಿರಾರು ಗಿಡ ಆದವು.

ನಿಜವಾದ ಪರೀಕ್ಷೆ ಬಂದಿದ್ದು 1943ರಲ್ಲಿ. ವಿಸ್ಕಾನ್ಸಿನ್‌ನ ಉತ್ತರ ಭಾಗದಲ್ಲಿ ಜಿಂಕೆ ಮಿತಿಮೀರಿ, ಹಿಮದ ದಿನಗಳಲ್ಲಿ ಮರಿಗಳು ಉಪವಾಸ ಸಾಯುತ್ತಿದ್ದವು. ಹುಲ್ಲು ಹಾಕಿ ಅನ್ನೋದು ಜನರ ಒತ್ತಾಯ. ಚಿಗುರು, ರೆಂಬೆ ತಿಂದು ರೂಢಿಯಾದ ಹೊಟ್ಟೆಗೆ ಒಣಹುಲ್ಲು ದಕ್ಕಲ್ಲ, ತುಂಬಿದ ಹೊಟ್ಟೆಯಲ್ಲೇ ಜಿಂಕೆ ಸಾಯುತ್ತೆ. ಮೇವು ತಿಂದು ಬದುಕಿ ಉಳಿದವು ಮುಂದಿನ ವರ್ಷ ಇನ್ನಷ್ಟು ಮರಿ ಹಾಕಿ ಕಾಡನ್ನು ಇನ್ನಷ್ಟು ಬೋಳಿಸುತ್ತವೆ. ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯನಾಗಿ ಲಿಯೊಪೋಲ್ಡ್ ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ಕೊಡಬೇಕು ಅಂದ. ಆ ಸೀಸನ್‌ನಲ್ಲಿ 1,20,000ಕ್ಕೂ ಹೆಚ್ಚು ಜಿಂಕೆ ಸತ್ತವು. ಜನ ಅದನ್ನು ಅಪರಾಧ ಅಂತಲೇ ಕರೆದರು, ಆತನ ವಿರುದ್ಧ ಪತ್ರಿಕೆಯೊಂದೇ ಹುಟ್ಟಿಕೊಂಡಿತು. ಮರುವರ್ಷ ಆಯೋಗ ಹಿಂದೆ ಸರಿಯಿತು, ಲಿಯೊಪೋಲ್ಡ್ ಸರಿಯಲಿಲ್ಲ. 1944ರಲ್ಲಿ, ಯೌವನದಲ್ಲಿ ತಾನು ಕೊಂದ ಆ ತೋಳದ ಬಗ್ಗೆ ಬರೆದು, ಅವತ್ತಿನ ಲೆಕ್ಕ ತಪ್ಪಾಗಿತ್ತು ಅಂತ ಒಪ್ಪಿಕೊಂಡ. ಮೂವತ್ತೈದು ವರ್ಷ ಬೇಕಾಯಿತು.

1948ರ ಏಪ್ರಿಲ್ 21ರಂದು ಪಕ್ಕದವರ ಜಮೀನಿಗೆ ಬಿದ್ದ ಬೆಂಕಿ ಆರಿಸುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡ. ಆತನ ಹೆಸರು ಉಳಿಸಿದ ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಪ್ರಕಟವಾಗಿದ್ದು ಮರುವರ್ಷ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಜಿಂಕೆ ಬೇಟೆ ಅಪರಾಧ, ಅದು ಹಾಗೇ ಇರಲಿ. ಆದರೆ ಕಾಡಿನಲ್ಲಿ ಹಣ್ಣಿನ ಗಿಡ ನೆಟ್ಟರೆ ಮಂಗ, ಆನೆ ತೋಟಕ್ಕೆ ಬರಲ್ಲ ಅನ್ನೋ ಮಾತು ಮಲೆನಾಡಿನ ಸಭೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ಗಿಡ ನೆಡುವುದು ತಪ್ಪಲ್ಲ, ಲಿಯೊಪೋಲ್ಡ್ ಕೂಡ ಬದುಕಿಡೀ ನೆಟ್ಟ. ನೆಟ್ಟ ಮೇಲೆ ಪ್ರಾಣಿ ಎಷ್ಟಾಗುತ್ತೆ, ಅಷ್ಟನ್ನು ನೆಲ ತಡೆಯುತ್ತಾ, ತಾನಾಗಿ ಹುಟ್ಟುವ ಸಸಿಗಳು ಉಳಿಯುತ್ತವಾ ಅಂತ ವರ್ಷ ವರ್ಷ ಎಣಿಸೋರು ಯಾರು? ಗೆಳೆಯನಿಗೂ ಅದನ್ನೇ ಕೇಳಿದೆ: ಆ ತಂತಿ ಬಲೆಯ ಹೊರಗೆ, ಕಾಡಿನಲ್ಲಿ ಸಣ್ಣ ಗಿಡಗಳಿವೆಯಾ ನೋಡಿ ಹೇಳು ಅಂತ. ಇನ್ನೂ ಉತ್ತರ ಬಂದಿಲ್ಲ.