ಸುಲ್ತಾನನ ಸೊತ್ತು

ಏಲಂ ಎಂಬುದು ನಮ್ಮ ಜಿಲ್ಲೆಯವರಿಗೆ ಹೊಸ ಮಾತಲ್ಲ. ದೇವಸ್ಥಾನದ ಅಂಗಳದಲ್ಲಿ ಹರಕೆಯ ಬಾಳೆಗೊನೆಯನ್ನೂ ತೆಂಗಿನಕಾಯಿಯನ್ನೂ ಕೂಗಿ ಮಾರುವುದನ್ನು ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಬಾಲಕರು ಸಹ ಕಂಡು ಬಲ್ಲರು. ಆದರೆ 2023ನೆಯ ಇಸವಿ ಮೇ 23ನೆಯ ತಾರೀಕಿಗೆ ಲಂಡನ್ ನಗರದ ಬಾನ್‌ಹ್ಯಾಮ್ಸ್ ಎಂಬ ಏಲಂ ಮಂದಿರದಲ್ಲಿ ನಡೆದ ಕೂಗು ಬೇರೆ ಬಗೆಯದು. 15ರಿಂದ 20 ಲಕ್ಷ ಪೌಂಡು ಬರಬಹುದೆಂದು ಅಂದಾಜು ಮಾಡಲಾಗಿದ್ದ ಒಂದು ಖಡ್ಗವು ಅಂದು 1 ಕೋಟಿ 40 ಲಕ್ಷ ಪೌಂಡುಗಳಿಗೆ, ಎಂದರೆ 140 ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟ ಕ್ರಯಕ್ಕೆ, ವಿಕ್ರಯವಾಯಿತು. ಅರಸನ ಖಡ್ಗವೆಂಬ ಅರ್ಥದ ಪಾರಸಿ ಲೇಖವುಳ್ಳ ಆ ಆಯುಧದ ಒಡೆಯನು, ಬೆಳ್ತಂಗಡಿಯ ಗಡಾಯಿಕಲ್ಲಿನ ನೆತ್ತಿಯ ಮೇಲೆ ಕೋಟೆಯನ್ನು ಕಟ್ಟಿಸಿದ ಟಿಪ್ಪು ಸುಲ್ತಾನನು. ಆತನು ಮಡಿದು ಇನ್ನೂರು ವರ್ಷಗಳ ಮೇಲಾದರೂ ಆತನ ಮನೆಯ ಸಾಮಾನು ಇನ್ನೂ ಮಾರಾಟವಾಗುತ್ತಲೇ ಇದೆ. ಆತನ ಜೀವಿತವನ್ನು ಆ ಸಾಮಾನುಗಳೊಡನೆಯೇ ಸ್ಮರಿಸುವುದು ಅಪ್ರಸ್ತುತವಾಗಲಾರದು.

ಹೈದರಾಲಿಯ ಪುತ್ರನಾದ ಟಿಪ್ಪುವು 1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದನು. ತಂದೆಗೆ ಓದುಬರಹ ಬಾರದು. ಅದರ ಕೊರತೆಯನ್ನು ಬಲ್ಲವನಾದುದರಿಂದಲೋ ಏನೋ, ಮಗನಿಗೆ ಮಾತ್ರ ಪಂಡಿತರನ್ನಿಟ್ಟು ವಿದ್ಯೆ ಕಲಿಸಿದನು. 1763ರಲ್ಲಿ ಹೈದರನು ಬಿದನೂರನ್ನು ಗೆದ್ದಾಗ ಕೆಳದಿಯ ಅರಸರ ಕೈಯಲ್ಲಿದ್ದ ನಮ್ಮ ಕರಾವಳಿಯೂ ಮೈಸೂರಿನ ಪಾಲಾಯಿತು. ನೇತ್ರಾವತಿಯ ದಂಡೆಯ ಬಂಟವಾಳವೂ ಚೌಟ ಅರಸರ ಮೂಡಬಿದಿರೆಯೂ ಶ್ರೀರಂಗಪಟ್ಟಣದ ಅಧಿಕಾರಕ್ಕೆ ಒಳಗಾದುವು.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಯಲಿನಲ್ಲಿ ತಂದೆಮಕ್ಕಳು ಕರ್ನಲ್ ಬೇಲಿಯ ದಂಡನ್ನು ನಿರ್ಮೂಲ ಮಾಡಿದರು. ಆ ದಿನ ಗಾಯಗೊಂಡು ಸೆರೆಯಾದವರಲ್ಲಿ ಡೇವಿಡ್ ಬೇರ್ಡ್ ಎಂಬ ತರುಣ ಸರದಾರನೊಬ್ಬನಿದ್ದನು. ಮೂರೂವರೆ ವರ್ಷಗಳಿಗೂ ಹೆಚ್ಚು ಕಾಲ ಅವನು ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಕೊಳೆತನು. ವಾಚಕರು ಈ ಹೆಸರನ್ನು ನೆನಪಿನಲ್ಲಿಡಬೇಕು.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡು ಟಿಪ್ಪುವು ಪಟ್ಟಕ್ಕೆ ಬಂದನು. ಮರುವರ್ಷವೇ ಆತನು ಮಂಗಳೂರಿಗೆ ಮುತ್ತಿಗೆ ಹಾಕಿದನು. ಕರ್ನಲ್ ಕ್ಯಾಂಪ್ಬೆಲ್ಲನ ಕೈಕೆಳಗಿನ ಪಡೆ ಹಸಿವಿನಿಂದ ಬಳಲಿ 1784ರ ಜನವರಿಯಲ್ಲಿ ಕೋಟೆಯನ್ನು ಬಿಟ್ಟುಕೊಟ್ಟಿತು; ಮಾರ್ಚ್ 11ರಂದು ಮಂಗಳೂರಿನ ಕೌಲಿಗೆ ಸಹಿ ಬಿದ್ದಿತು. ಆಂಗ್ಲರು ಹಿಂದೂಸ್ಥಾನದ ಅರಸನೊಬ್ಬನೊಡನೆ ಸಮಾನಸ್ಕಂಧರಾಗಿ ಕುಳಿತು ಮಾಡಿಕೊಂಡ ಕೌಲುಗಳಲ್ಲಿ ಅದು ಕಡೆಯದೆಂದು ಇತಿಹಾಸಜ್ಞರು ಎಣಿಸುತ್ತಾರೆ. ಬೇರ್ಡನು ಬಿಡುಗಡೆಯಾದುದು ಅದೇ ಕೌಲಿನಿಂದ.

ಆ ಜಯದ ಬೆನ್ನಿಗೇ ನಡೆದುದನ್ನು ಮುಚ್ಚಿಡುವುದು ನ್ಯಾಯವಲ್ಲ. ಆಂಗ್ಲರಿಗೆ ನೆರವಾದರೆಂಬ ಗುಮಾನಿಯಿಂದ ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಹಿಡಿಸಿ ಘಟ್ಟದ ಮೇಲಕ್ಕೆ ಸಾಗಿಸಿದನು, ಇಗರ್ಜಿಗಳನ್ನು ಕೆಡವಿಸಿದನು, ದಾರಿಯಲ್ಲಿಯೇ ಅಸಂಖ್ಯ ಮಂದಿ ಸತ್ತರು. ನಮ್ಮ ಊರುಗಳ ಎಷ್ಟೋ ಮನೆತನಗಳಲ್ಲಿ ಆ ನೆನಪು ಇನ್ನೂ ಹಸಿಯಾಗಿದೆ. ಅದೇ ಸುಲ್ತಾನನು 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿಯ ಮಠವನ್ನು ಸೂರೆಮಾಡಿದಾಗ ಶಾರದೆಯ ಪುನಃಪ್ರತಿಷ್ಠೆಗೆ ಧನಸಹಾಯ ಮಾಡಿ, ಜಗದ್ಗುರುಗಳಿಗೆ ವಿನಯಪೂರ್ವಕವಾದ ಕನ್ನಡ ನಿರೂಪಗಳನ್ನು ಬರೆಯಿಸಿದನು. ಅವುಗಳನ್ನು 1916ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ಎರಡೂ ಒಬ್ಬ ಮನುಷ್ಯನ ಕೃತ್ಯಗಳೇ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಲು ಹವಣಿಸುವವರು ಎರಡು ಪಕ್ಷಗಳಲ್ಲಿಯೂ ಇದ್ದಾರೆ. ಅವರ ಜಗಳಕ್ಕೆ ನಾವು ಇಳಿಯುವುದಿಲ್ಲ.

1790ರಿಂದ 1792ರ ವರೆಗಿನ ಯುದ್ಧದಲ್ಲಿ ಆಂಗ್ಲರು, ನಿಜಾಮ, ಮರಾಠರು ಒಟ್ಟುಗೂಡಿ ಬಂದರು. ಸುಲ್ತಾನನು ಅರ್ಧರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲೊಪ್ಪಿ, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಡಬೇಕಾಯಿತು. ನಮ್ಮ ಕರಾವಳಿಯು ಮಾತ್ರ ಆತನ ಕೈಯಲ್ಲಿಯೇ ಉಳಿಯಿತು. ಅದನ್ನು ಕಾಯುವ ಸಲುವಾಗಿ 1794ರಲ್ಲಿ ನರಸಿಂಹಗಡವೆಂಬ ಹಳೆಯ ಹೆಸರಿನ ಒಂಟಿಬಂಡೆಯ ಮೇಲೆ ಕೋಟೆ ಕಟ್ಟಿಸಿ, ತಾಯಿಯ ನೆನಪಿಗಾಗಿ ಜಮಾಲಾಬಾದೆಂದು ಕರೆದನೆಂಬುದು ಪ್ರತೀತಿ. ಸಮುದ್ರಮಟ್ಟದಿಂದ ಸುಮಾರು 1,800 ಅಡಿ ಎತ್ತರ, ಏರಲು ಬಂಡೆಯಲ್ಲಿ ಕಡಿದ ಒಂದೇ ಇಕ್ಕಟ್ಟಿನ ದಾರಿ. 1801ರಲ್ಲಿ ಬಂಟವಾಳದಿಂದ ಈ ಮಾರ್ಗವಾಗಿ ಮೂಡಬಿದಿರೆಗೆ ಪಯಣಿಸಿದ ಡಾಕ್ಟರ್ ಬುಕಾನನನು ಈ ಕೋಟೆಯ ವಿಚಾರವನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ.

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಒಡೆದ ಗೋಡೆಯನ್ನು ಏರಿದ ಪಡೆಗಳ ಮುಂದಾಳು ಅದೇ ಡೇವಿಡ್ ಬೇರ್ಡ್. ಸುಲ್ತಾನನು ಓಡಿಹೋಗಲಿಲ್ಲ, ಹೆಬ್ಬಾಗಿಲ ಬಳಿ ಕಾದಾಡುತ್ತ ಸತ್ತು, ಹೆಣಗಳ ರಾಶಿಯಲ್ಲಿ ಬಿದ್ದನು. ಆ ರಾತ್ರಿಯೆಲ್ಲ ಸೂರೆ. ಮರುದಿನದಿಂದ ಸೂರೆಗೆ ಒಂದು ಕ್ರಮ ಬಂದಿತು, ಅಷ್ಟೆ. ಗೆದ್ದ ಸೈನ್ಯದ ಪರವಾಗಿ ಅಧಿಕಾರಿಗಳ ಸಮಿತಿಯೊಂದು ಕುಳಿತು ಅರಮನೆಯ ಒಡವೆ, ವಸ್ತ್ರ, ಆಯುಧಗಳಿಗೆ ಬೆಲೆ ಕಟ್ಟಿ, ಕೆಲವನ್ನು ಪಾಲಾಗಿ ಹಂಚಿ, ಉಳಿದುದನ್ನು ಏಲಂ ಹಾಕಿ, ಬಂದ ಹಣವನ್ನು ಹುದ್ದೆಯ ತಾರತಮ್ಯದಂತೆ ವಿತರಿಸಿತು. ಸೇನಾಧಿಪತಿ ಹ್ಯಾರಿಸನ ಪಾಲೊಂದೇ 1,42,902 ಪೌಂಡು. ಚಿನ್ನದ ತಗಡು ಹೊದಿಸಿದ ಅಷ್ಟಕೋನದ ಸಿಂಹಾಸನವನ್ನು ಪಾಲಿಗಾಗಿ ಒಡೆದು ಚೂರುಮಾಡಿದರು. ಅದರ ಮೇಲ್ಗಡೆಯಿದ್ದ ರತ್ನಖಚಿತವಾದ ಹುಮಾ ಪಕ್ಷಿಯು ಮೂರನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಹೋಗಿ ವಿಂಡ್ಸರ್ ಅರಮನೆಯನ್ನು ಸೇರಿತು. ಸುತ್ತಣ ಸಣ್ಣ ಹುಲಿಮುಖಗಳು ಒಂದೊಂದು ಒಬ್ಬೊಬ್ಬನ ಪಾಲಾದುವು. ಬಿಳಿಯನ ಮೇಲೆ ಎರಗಿದ ಮರದ ಹುಲಿಯನ್ನು 1808ರಿಂದ ಲಂಡನ್ನಿನ ಕಂಪೆನಿ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಸುಮಾರು 2,000 ಸಂಪುಟಗಳ ಪುಸ್ತಕಭಂಡಾರವು ಕಲ್ಕತ್ತೆಗೂ ಇಂಗ್ಲೆಂಡಿಗೂ ಚದುರಿತು. ಅದರ ಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ ಎಂಬವನು 1809ರಲ್ಲಿ ಅಚ್ಚು ಹಾಕಿಸಿದನು. ಮಲಗುವ ಕೋಣೆಯಲ್ಲಿ ಸಿಕ್ಕಿದ ಖಡ್ಗವನ್ನು ಸೈನ್ಯವು ಬೇರ್ಡನಿಗೆ ಬಹುಮಾನವಾಗಿ ಕೊಟ್ಟಿತು. 2023ರಲ್ಲಿ ಕೂಗಿಗೆ ಬಂದುದು ಆ ಖಡ್ಗವೇ.

ಆ ಪಾಲುದಾರರ ಸಂತತಿಯವರಿಂದ ಸಂಗ್ರಾಹಕರಿಗೂ, ಸಂಗ್ರಾಹಕರಿಂದ ಏಲಂದಾರರಿಗೂ ಈ ಸೊತ್ತು ಕೈಯಿಂದ ಕೈಗೆ ಸಾಗುತ್ತಿದೆ. ಸಿಂಹಾಸನದ ಒಂದು ಹುಲಿಮುಖವು 2009ರಲ್ಲಿ 3,89,600 ಪೌಂಡಿಗೂ ಇನ್ನೊಂದು 2010ರಲ್ಲಿ 4,34,400 ಪೌಂಡಿಗೂ ಮಾರಾಟವಾದುವು. ರಾಮನಾಮವನ್ನು ನಾಗರಿಯಲ್ಲಿ ಕೆತ್ತಿದ ಚಿನ್ನದ ಉಂಗುರವೊಂದು 2014ರಲ್ಲಿ 1,45,000 ಪೌಂಡಿಗೆ ಹೋಯಿತು. 2015ರಲ್ಲಿ ಹುಲಿಮುಖದ ಹಿಡಿಯ ಖಡ್ಗವೊಂದಕ್ಕೆ 21 ಲಕ್ಷ ಪೌಂಡಿನ ಮೇಲೆ, ಮೂರು ಪೌಂಡಿನ ಗುಂಡು ಹಾರಿಸುವ ಕಂಚಿನ ಫಿರಂಗಿಯೊಂದಕ್ಕೆ 14 ಲಕ್ಷ ಪೌಂಡಿನ ಮೇಲೆ ಬಂದಿತು. 2021ರಲ್ಲಿ ಮತ್ತೊಂದು ಹುಲಿಮುಖವು ಪರದೇಶಕ್ಕೆ ಹೋಗುವ ಸಂದರ್ಭ ಬಂದಾಗ ಬ್ರಿಟಿಷ್ ಸರಕಾರವು, ತನ್ನ ದೇಶದ ಹಿತಕ್ಕೆ ಅದು ಬೇಕೆಂಬ ಕಾರಣದಿಂದ, ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಶ್ರೀರಂಗಪಟ್ಟಣದಿಂದ ಹೋದಾಗ ಅದಕ್ಕೆ ಯಾವ ತಡೆಯೂ ಇರಲಿಲ್ಲ.

ಈ ಸಾಲಿನಲ್ಲಿ ನಮ್ಮ ಬಂಟವಾಳವೂ ಒಮ್ಮೆ ಬಂದುಹೋಗುತ್ತದೆ. 2003ರಲ್ಲಿ ಲಂಡನ್ನಿನಲ್ಲಿ ಸುಲ್ತಾನನದೆಂದು ಕೂಗಿದ ಖಡ್ಗವೊಂದನ್ನು 1,75,000 ಪೌಂಡಿಗೆ ಕೊಂಡವರು, ಬಂಟವಾಳ ಮೂಲದ ಮಲ್ಯ ಮನೆತನದ ಉದ್ಯಮಿ ವಿಜಯ ಮಲ್ಯರು. ಆ ವಾರ್ತೆ 2004ರಲ್ಲಿ ಹೊರಬಿದ್ದಾಗ ನಾಡೆಲ್ಲ ಸಂತೋಷಪಟ್ಟಿತು. ಆದರೆ ಒಬ್ಬ ಧನಿಕನು ಕೊಂಡುದು ಒಬ್ಬ ಧನಿಕನ ಸೊತ್ತೇ ಹೊರತು ನಾಡಿನ ಸೊತ್ತಲ್ಲ. 2016ರಲ್ಲಿ ಅವರು ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆಂಬ ವರದಿ 2018ರಲ್ಲಿ ಬಂದಿತು.

ಶಾಸನದ ಬಲ ಇಲ್ಲಿ ಎಷ್ಟು? ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವುದನ್ನು 1972ರ ಕೇಂದ್ರಶಾಸನವು ನಿಷೇಧಿಸುತ್ತದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಿಂದ 2013ರಲ್ಲಿ ಬೆಲೆಬಾಳುವ ಬಿಂಬಗಳು ಕಳುವಾದಾಗ ಪೊಲೀಸರು ಬೆನ್ನಟ್ಟಿ ಹೋಗಲು ಸಾಧ್ಯವಾಯಿತು. ಏಕೆಂದರೆ ಅದು ಕಳವು. 1799ರಲ್ಲಿ ಹೋದುದು ಕಳವೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಗೆದ್ದವರ ದಫ್ತರದಲ್ಲಿ ಅದಕ್ಕೆ ಲೆಕ್ಕವಿದೆ, ರಸೀತಿಯಿದೆ. ಆದುದರಿಂದ ಉಳಿದಿರುವ ಮಾರ್ಗ ಎರಡೇ: ಸರಕಾರಗಳ ನಡುವಣ ಮಾತುಕತೆ, ಇಲ್ಲವೇ ಸಾರ್ವಜನಿಕ ಹಣದಿಂದ ಖರೀದಿ. ಏಲಂ ಪಟ್ಟಿಗಳು ಕೂಗಿಗೆ ಮುಂಚಿತವಾಗಿಯೇ ಅಚ್ಚಾಗಿ ಹೊರಬೀಳುತ್ತವೆ. ಅವನ್ನು ಓದುವುದಕ್ಕೆ ಒಬ್ಬ ಅಧಿಕಾರಿ, ಕೊಳ್ಳುವುದಕ್ಕೆ ಒಂದು ನಿಧಿ, ಕೊಂಡುದನ್ನು ಇಡುವುದಕ್ಕೆ ಶ್ರೀರಂಗಪಟ್ಟಣದಲ್ಲಿ ಒಂದು ಭದ್ರವಾದ ಶಾಲೆ: ಇಷ್ಟನ್ನು ಕೇಳಿದರೆ ಅತಿಯಾಸೆಯಾಗದು. ಖಡ್ಗಕ್ಕೆ 140 ಕೋಟಿ ತೆರಲು ನಾವೂ ಒಪ್ಪೆವು. ಆದರೆ ಆ ಉಂಗುರದಂಥ ವಸ್ತುಗಳ ಬೆಲೆಯು ಒಂದು ರಾಜ್ಯಸರಕಾರಕ್ಕೆ ಎಟುಕದ್ದಲ್ಲ.

2018ರಲ್ಲಿ ಬಿದನೂರು ನಗರದ ಹಾಳುಬಾವಿಯೊಂದರಿಂದ ಸುಲ್ತಾನನ ಕಾಲದ ಸುಮಾರು ಸಾವಿರ ಕಬ್ಬಿಣದ ರಾಕೆಟ್ಟುಗಳನ್ನು ಮೇಲೆತ್ತಿದರು. ಗಡಾಯಿಕಲ್ಲಿನ ಮೇಲೆ ಮಳೆನೀರಿನ ಕೆರೆ, ಕುಸಿದ ಗೋಡೆ, ಒಂದು ಫಿರಂಗಿ ಉಳಿದಿವೆ. ಮೆಟ್ಟಿಲೇರಿ ಹೋದವರು ಆ ಫಿರಂಗಿಯ ಮೇಲೆ ಕುಳಿತು ದಣಿವಾರಿಸಿಕೊಳ್ಳುವುದುಂಟು. ಅದರ ಬಳಿ ಒಂದು ಬೇಲಿ, ಎರಡು ಸಾಲಿನ ಒಂದು ಫಲಕ ಇಡಿಸುವ ಕೆಲಸವನ್ನಾದರೂ ಸಂಬಂಧಪಟ್ಟ ಇಲಾಖೆಯವರು ಮುಂದಿನ ಮಳೆಗಾಲಕ್ಕೆ ಮುನ್ನ ಮಾಡಿ ಮುಗಿಸಲಿ.