ಡಾಕ್ಟರ್‌ಗಳಿಗೇ ಜಾಹೀರಾತು ಬರೆದ ಡಾಕ್ಟರ್

ಆರ್ಥರ್ ಸ್ಯಾಕ್ಲರ್ ಹುಟ್ಟಿದ್ದು 1913ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಅಮ್ಮ ಯುರೋಪಿನಿಂದ ವಲಸೆ ಬಂದವರು, ಕಿರಾಣಿ ಅಂಗಡಿ ಇಟ್ಟಿದ್ದರು. ಸ್ಯಾಕ್ಲರ್ ಜಾಹೀರಾತು ಬರೆದು ದುಡಿಯುತ್ತಲೇ ಮೆಡಿಕಲ್ ಓದಿ ಮನೋವೈದ್ಯರಾದರು. 1942ರಲ್ಲಿ ಮ್ಯಾಕ್‌ಆಡಮ್ಸ್ ಎಂಬ ಜಾಹೀರಾತು ಕಂಪನಿ ಸೇರಿ, ಮುಂದೆ ಅದರ ಮಾಲೀಕರೂ ಆದರು.

ನಮ್ಮ ಸನವಳ್ಳಿಯಿಂದ ಮುಂಡಗೋಡಿಗೆ ಹೋಗಿ ಡಾಕ್ಟರಿಗೆ ತೋರಿಸಿದರೆ ಚೀಟಿ ಬರೆಯೋದು ಅವರು, ದುಡ್ಡು ಕೊಡೋದು ನಾವು. ಹಾಗಾದ್ರೆ ಔಷಧಿ ಕಂಪನಿಗೆ ನಿಜವಾದ ಗಿರಾಕಿ ಯಾರು? ಡಾಕ್ಟರೇ ಅಂತ ಸ್ಯಾಕ್ಲರ್ ಬೇಗ ಕಂಡುಕೊಂಡರು. 1950ರ ದಶಕದಲ್ಲಿ ಫೈಜರ್‌ನ ಟೆರ್ರಾಮೈಸಿನ್‌ಗೆ ವೈದ್ಯಕೀಯ ಪತ್ರಿಕೆಗಳ ತುಂಬ ಜಾಹೀರಾತು ಹಾಕಿಸಿದರು. ಡಾಕ್ಟರ್ ಮಾತನ್ನು ಡಾಕ್ಟರ್ ನಂಬ್ತಾರೆ ಅನ್ನೋದೇ ಅವರ ಬಂಡವಾಳ.

ಆ ನಂಬಿಕೆಯ ದುರುಪಯೋಗವೂ ಆಯ್ತು. ಅವರ ಕಂಪನಿ ಸಿಗ್ಮಾಮೈಸಿನ್ ಜಾಹೀರಾತಿನಲ್ಲಿ ಡಾಕ್ಟರ್‌ಗಳ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿತ್ತು. ಜಾನ್ ಲಿಯರ್ ಎಂಬ ಪತ್ರಕರ್ತರು ಆ ವಿಳಾಸಗಳಿಗೆ ಪತ್ರ ಬರೆದು ನೋಡಿದರು. ಅಂಥ ಡಾಕ್ಟರ್‌ಗಳೇ ಇರಲಿಲ್ಲ.

1954ರಲ್ಲಿ ಸ್ಯಾಕ್ಲರ್ ಗೆಳೆಯ ಫ್ರೋಲಿಕ್ ಐಎಂಎಸ್ ಶುರು ಮಾಡಿದರು. ಯಾವ ಔಷಧಿ ಎಷ್ಟು ಹೋಗ್ತಿದೆ ಅನ್ನೋ ಲೆಕ್ಕ ಮಾರುವ ಕಂಪನಿ ಅದು. ಸ್ಯಾಕ್ಲರ್‌ಗೂ ಅದರಲ್ಲಿ ಗುಟ್ಟಾಗಿ ಪಾಲಿತ್ತು. ಮುಂದೆ ಅಮೆರಿಕದಲ್ಲಿ ಯಾವ ಡಾಕ್ಟರ್ ಯಾವ ಮಾತ್ರೆ ಬರೀತಾರೆ ಅನ್ನೋದೂ ಮಾರಾಟಕ್ಕೆ ಬಂತು. ಅದನ್ನು ತಡೆಯಲು ಹೊರಟ ವರ್ಮಾಂಟ್ ರಾಜ್ಯದ ಕಾನೂನನ್ನು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ನಾವು ಇಂಜಿನಿಯರಿಂಗ್‌ನವರಿಗೆ ಇದು ಗೊತ್ತಿರೋ ವಿಷಯವೇ, ಫೀಡ್‌ಬ್ಯಾಕ್ ಲೂಪ್. ಎಂ.ಆರ್. ಹೋಗಿ ಡಾಕ್ಟರನ್ನು ಭೇಟಿಯಾಗ್ತಾರೆ, ಚೀಟಿ ಬದಲಾಯ್ತಾ ಅಂತ ಕಂಪನಿ ಅಳೆಯುತ್ತೆ, ಅದನ್ನು ನೋಡಿಕೊಂಡು ಮತ್ತೆ ಕಳಿಸುತ್ತೆ. ರೋಗಿ ವಾಸಿಯಾದ್ನಾ ಅನ್ನೋದು ಈ ಲೂಪ್‌ನಲ್ಲಿ ಇಲ್ಲ.

ಸ್ಯಾಕ್ಲರ್ 1987ರಲ್ಲಿ ತೀರಿಕೊಂಡರು. ಅವರ ತಮ್ಮಂದಿರ ಪರ್ಡ್ಯೂ ಕಂಪನಿಯ ಆಕ್ಸಿಕಾಂಟಿನ್ ಬಂದಿದ್ದು 1996ರಲ್ಲಿ. ಅದರ ಪಾಪವನ್ನು ಇವರ ತಲೆಗೆ ಕಟ್ಟೋದು ಸರಿಯಲ್ಲ. ಆದರೆ ಅದನ್ನು ಮಾರಿದ ದಾರಿ ಇವರು ಹಾಕಿಕೊಟ್ಟಿದ್ದೇ.

ಆ ದಾರಿ ನಮ್ಮಲ್ಲಿಗೂ ಬಂದಿದೆ. ಡಾಕ್ಟರ್‌ಗಳಿಗೆ ಕೊಡೋ ಉಡುಗೊರೆಯನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂದು 2022ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಕೋರ್ಟ್ ಕೆಲಸ ಕೋರ್ಟ್ ಮಾಡಲಿ. ಬ್ರಾಂಡ್ ಪಕ್ಕದಲ್ಲಿ ಔಷಧಿಯ ಮೂಲ ಹೆಸರನ್ನೂ ಬರೆದುಕೊಡಿ ಸರ್, ಅಂತ ಕೇಳೋಕೆ ನಮಗೆ ಖರ್ಚೇನೂ ಇಲ್ಲ.